ನಾಣಿ ಚಿಕ್ಕಪ್ಪನ ಬಾಸ್ ಗಿಟಾರು

ಬೆಸುಗೆ ಹಾಕುವಾಗ ಕಾದ ರಾಳದಿಂದ ಒಂದು ಹೊಗೆ ಏಳುತ್ತದಲ್ಲ, ಸ್ವಲ್ಪ ಸಿಹಿ, ಸ್ವಲ್ಪ ಸುಟ್ಟ ವಾಸನೆ, ಗಂಟಲಿಗೆ ಹೋದರೆ ಕೆಮ್ಮು ಬರಿಸುವಂಥದ್ದು. ಅದು ಮೂಗಿಗೆ ಬಿದ್ದರೆ ಸಾಕು, ನಾನು ಎಲ್ಲಿದ್ದರೂ ಹಾಸನದ ನಮ್ಮ ಹಳೇ ಮನೆಗೆ ಹೋಗಿಬಿಡುತ್ತೇನೆ. ಮೊನ್ನೆ ಮೊಬೈಲ್ ರಿಪೇರಿಗೆ ಕೊಡಲು ಹೋದಾಗಲೂ ಹೀಗೇ ಆಯಿತು. ಅಂಗಡಿಯವನು "ಏನಾಗ್ಬೇಕು ಮೇಡಂ?" ಅಂತ ಮೂರು ಸಲ ಕೇಳಿದನಂತೆ. ನನಗೆ ಕೇಳಿಸಿದ್ದರೆ ತಾನೆ! ನಾನಾಗಲೇ ಕೆಂಪು ಗಾರೆ ನೆಲದ ಮೇಲೆ ಮಂಡಿಯೂರಿ ಕೂತು, ನಾಣಿ ಚಿಕ್ಕಪ್ಪ ತಮ್ಮ ಬಾಸ್ ಗಿಟಾರಿನ ವೈರಿಗೆ ಬೆಸುಗೆ ಹಾಕುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಆ ಹಾಳು ವೈರು ವಾರಕ್ಕೊಮ್ಮೆ ಕಿತ್ತುಹೋಗುತ್ತಿತ್ತು. ಚಿಕ್ಕಪ್ಪ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಉಸಿರು ಬಿಗಿಹಿಡಿದು, "ಅಲ್ಲಾಡಬೇಡ ಕಣೇ, ನೆಲ ಅಲ್ಲಾಡುತ್ತೆ" ಅನ್ನುತ್ತಿದ್ದರು. ಆರು ವರ್ಷದ ಹುಡುಗಿ ಅಲ್ಲಾಡಿದರೆ ಗಾರೆ ನೆಲ ಅಲ್ಲಾಡುತ್ತದೆಯೇ? ಆದರೂ ನಾನು ನಂಬಿಕೊಂಡು ಉಸಿರೆತ್ತದೆ ಕೂತಿರುತ್ತಿದ್ದೆ.

ಇದು ತೊಂಬತ್ತರ ದಶಕದ ಮಾತು. ನಮ್ಮಪ್ಪ ಆರ್ಕೆಸ್ಟ್ರಾ ನಡೆಸುತ್ತಿದ್ದರು. ಅದಕ್ಕೊಂದು ದೊಡ್ಡ ಹೆಸರು ಇಟ್ಟಿದ್ದರು, ಆದರೆ ಅರಕಲಗೂಡಿನಿಂದ ಚನ್ನರಾಯಪಟ್ಟಣದವರೆಗೆ ಯಾರೂ ಆ ಹೆಸರಿನಿಂದ ಕರೆದವರಲ್ಲ, ಎಲ್ಲರ ಬಾಯಲ್ಲೂ ಅದು ಅಣ್ಣತಮ್ಮಂದಿರ ಆರ್ಕೆಸ್ಟ್ರಾ. ಅಣ್ಣ ಅಂದರೆ ನಮ್ಮಪ್ಪ, ಮುಂದೆ ನಿಂತು ಹಾಡುವವರು. ತಮ್ಮ ಅಂದರೆ ನಾಣಿ ಚಿಕ್ಕಪ್ಪ, ಎಡಗಡೆ ಹಿಂದೆ ಕತ್ತಲಲ್ಲಿ ನಿಂತು ನಾಲ್ಕು ದಪ್ಪ ತಂತಿ ಮೀಟಿ ಹಾಡಿನ ಅಡಿಗೆ ತಗ್ಗಿನ ನಾದ ಹಾಕುವವರು. ಡ್ರಮ್ಮಿಗೆ ಸಾಲಗಾಮೆಯ ತಿಮ್ಮೇಗೌಡರು. ಅವರು ಹೊಲದ ಕೆಲಸ ಮುಗಿಸಿ ಮೊಪೆಡ್ಡಿನಲ್ಲಿ ಬರುವಾಗ ಒಂದು ಚೀಲ ಅವರೆಕಾಯಿಯೋ ಬದನೆಕಾಯಿಯೋ ತಂದು ಅಡುಗೆಮನೆ ಬಾಗಿಲಲ್ಲಿ ಇಟ್ಟೇ ಡ್ರಮ್ಮಿನ ಮುಂದೆ ಕೂರುತ್ತಿದ್ದದ್ದು. ತಾತ ಮಾತ್ರ ಜಗುಲಿಯಲ್ಲಿ. ಅವರು ರುದ್ರಪಟ್ಟಣದಲ್ಲಿ ಹುಟ್ಟಿ ಹಾಸನದಲ್ಲಿ ಪಾಠ ಹೇಳಿಕೊಂಡು ಬದುಕಿದ ಸಂಗೀತದ ಮೇಷ್ಟ್ರು. ಸಿನಿಮಾ ಹಾಡು ಅಂದರೆ ಮುಖ ಹುಳ್ಳಗೆ ಮಾಡುತ್ತಿದ್ದರು, ಆದರೆ ಒಳಗೆ ಪ್ರಾಕ್ಟೀಸ್ ಶುರುವಾದರೆ ಅವರ ಬಲಗೈ ತನ್ನಷ್ಟಕ್ಕೆ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ನಾವು ಮಕ್ಕಳು ಅದನ್ನು ನೋಡಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು.

ಪ್ರಾಕ್ಟೀಸ್ ಮುಗಿದ ಮೇಲೆ ಕಾಫಿ ಬರುತ್ತಿತ್ತು, ಕಾಫಿಯ ಹಿಂದೆಯೇ ಜಗಳ. ವಿಷಯ ಯಾವಾಗಲೂ ಒಂದೇ, ನಾಣಿ ಬೇಕೋ ಬೇಡವೋ. "ಜನ ಬರೋದು ಹಾಡು ಕೇಳೋಕೆ ಕಣ್ರೀ. ಇವನ ವೈರು ಕಿತ್ತುಹಾಕಿದ್ರೆ ಪೆಂಡಾಲಿನ ಗಣಪತಿಗೂ ಗೊತ್ತಾಗಲ್ಲ" ಅಂತ ಅಪ್ಪ ರೇಗಿಸುತ್ತಿದ್ದರು. ತಿಮ್ಮೇಗೌಡರಿಗೆ ಸಿಟ್ಟು ಬರುತ್ತಿತ್ತು. "ಅಂಗನ್ಬ್ಯಾಡಿ ಸಾ. ನಾನ್ ಏಟ್ ಆಕೋದು ನಿಮ್ ಬಾಯ್ ನೋಡ್ಕಂಡಲ್ಲ, ನಾಣಿಯೋರ್ ಬೆಳ್ಳು ನೋಡ್ಕಂಡು" ಅನ್ನುವರು. ಎದುರುಮನೆಯ ಕನ್ನಡ ಮೇಷ್ಟ್ರು ಕಾಫಿಗೆಂದೇ ಬರುತ್ತಿದ್ದವರು, ಕಾಫಿ ಗಟ್ಟಿಯಾಗಿದ್ದ ದಿನ ನಾಣಿಯ ಪರ, ನೀರಾಗಿದ್ದ ದಿನ ಅಪ್ಪನ ಪರ. ಅಮ್ಮ ಒಳಗಿನಿಂದಲೇ, "ಅವನು ಬಾರಿಸಿದ್ರೆ ನನ್ನ ಡಬ್ಬಗಳ ಮುಚ್ಚಳ ಅದುರುತ್ತೆ, ನನಗಂತೂ ಗೊತ್ತಾಗುತ್ತಪ್ಪ" ಅಂತ ಕೂಗುತ್ತಿದ್ದಳು. ಇಷ್ಟೆಲ್ಲ ತಮ್ಮ ವಿಷಯಕ್ಕೇ ನಡೆಯುತ್ತಿದ್ದರೂ ಚಿಕ್ಕಪ್ಪ ಲೋಟ ಊದಿಕೊಂಡು ಕುಡಿಯುತ್ತ ನಗುತ್ತಿದ್ದರು.

ಅವರಿಗೆ ಒಂದೇ ಒಂದು ಆಸರೆ ಇತ್ತು. ಇಂಜಿನಿಯರಿಂಗ್ ಕಾಲೇಜಿನ ಹುಡುಗನೊಬ್ಬ ಊರಿಗೆ ಹೋಗುವಾಗ ಕೊಟ್ಟುಹೋದ ಒಂದು ಇಂಗ್ಲಿಷ್ ರಾಕ್ ಗುಂಪಿನ ಕ್ಯಾಸೆಟ್ಟು. ಅದರ ಮೇಲೆ ನಾಲ್ಕು ಜನ ಉದ್ದ ಕೂದಲಿನವರು. ಮೂವರು ಕ್ಯಾಮೆರಾ ನೋಡುತ್ತಿದ್ದಾರೆ, ನಾಲ್ಕನೆಯವನು ಮೂಲೆಯಲ್ಲಿ ಎತ್ತಲೋ ನೋಡುತ್ತ ನಿಂತಿದ್ದಾನೆ. ಚಿಕ್ಕಪ್ಪ ಅವನ ಮೇಲೆ ಬೆರಳಿಟ್ಟು, "ನೋಡೇ, ಇವನ ಹೆಸರು ಯಾರಿಗೂ ನೆನಪಿರಲ್ಲ. ಇವನು ಕೈ ಎತ್ತಿಬಿಟ್ರೆ ಮಿಕ್ಕ ಮೂರೂ ಜನ ದಾರಿ ತಪ್ಪಿದ ಮಕ್ಕಳು" ಅನ್ನುತ್ತಿದ್ದರು. ನಮ್ಮ ಸಣ್ಣ ಟೇಪ್ ರೆಕಾರ್ಡರಿನಲ್ಲಿ ಆ ನಾಲ್ಕನೆಯವನು ಬಾರಿಸಿದ್ದು ನನಗೆ ಒಂದು ದಿನವೂ ಕೇಳಿಸಲಿಲ್ಲ. ಕೇಳಿಸಿತು ಅಂತ ಸುಳ್ಳು ಹೇಳುತ್ತಿದ್ದೆ. ಚಿಕ್ಕಪ್ಪನ ಮುಖ ಅರಳುತ್ತಿತ್ತಲ್ಲ, ಅದಕ್ಕೆ.

ನನಗೆ ಒಂಬತ್ತು ವರ್ಷವಾದಾಗ ಅಪ್ಪ ಬೆಂಗಳೂರಿನಿಂದ ಒಂದು ಕೀಬೋರ್ಡು ತಂದರು. ಒಂದು ಗುಂಡಿ ಒತ್ತಿದರೆ ತಾಳ, ಇನ್ನೊಂದು ಒತ್ತಿದರೆ ಬಾಸು. ಬೀದಿಯವರೆಲ್ಲ ಬಂದು ನೋಡಿ ಹೋದರು. ಎರಡು ದಿನ ಕಳೆದ ಮೇಲೆ, ಊಟಕ್ಕೆ ಕೂತಾಗ, ಅಪ್ಪ ತಟ್ಟೆ ನೋಡುತ್ತ ಮಾತು ತೆಗೆದರು. ಡ್ರಮ್ಮು ಇರಲಿ, ಜನ ಅದನ್ನು ಕಣ್ಣಲ್ಲಿ ನೋಡುತ್ತಾರೆ. ಆದರೆ ನಾಣಿಯ ಆ ಸ್ಪೀಕರು ಪೆಟ್ಟಿಗೆ ಕಾರಿನ ಡಿಕ್ಕಿ ಪೂರ್ತಿ ತಿನ್ನುತ್ತದೆ, ಈ ಗಣಪತಿ ಹಬ್ಬದಿಂದ ಅದು ಮನೆಯಲ್ಲೇ ಇರಲಿ. ಅದು ಅಂದರೆ ಪೆಟ್ಟಿಗೆ ಮಾತ್ರ ಅಲ್ಲ ಅಂತ ನನಗೂ ಅರ್ಥವಾಯಿತು. ಚಿಕ್ಕಪ್ಪನ ಕೈ ಅನ್ನದಲ್ಲೇ ನಿಂತಿತು. ಪಿಯುಸಿ ಫೇಲಾಗಿ, ಎರಡು ಮೂರು ಕಡೆ ಕೆಲಸಕ್ಕೆ ಹೋಗಿ ವಾಪಸ್ಸು ಬಂದಿದ್ದ ಅವರಿಗೆ ಊರಲ್ಲಿ ತಲೆ ಎತ್ತಿ ಓಡಾಡಲು ಇದ್ದದ್ದು ಆ ಗಿಟಾರು ಒಂದೇ. ಅಣ್ಣತಮ್ಮಂದಿರ ಆರ್ಕೆಸ್ಟ್ರಾದ ತಮ್ಮ ಅನ್ನುವುದು ಬಿಟ್ಟರೆ ಅವರಿಗೆ ಬೇರೆ ಗುರುತೇ ಇರಲಿಲ್ಲ.

ಆಗ ಬಾಯಿ ಹಾಕಿದವರು ತಾತ. ರುದ್ರಪಟ್ಟಣದಲ್ಲಿ ಅವರು ಕಲಿಯುತ್ತಿದ್ದ ಕಾಲಕ್ಕೆ ಅವರ ಗುರುಗಳ ಮನೆಯಲ್ಲಿ ಕದದ ಪರೀಕ್ಷೆ ಅಂತ ಒಂದು ಇತ್ತಂತೆ. ಶಿಷ್ಯರು ಕೋಣೆಯ ಕದ ಹಾಕಿಕೊಂಡು ಹಾಡುವುದು, ಹೊರಗಿನವರು ಮುಖ ನೋಡದೆ ತೀರ್ಪು ಹೇಳುವುದು. "ನೀವಿಬ್ಬರೂ ಕೋಣೆ ಸೇರಿ ಒಂದೇ ಹಾಡನ್ನ ಎರಡು ಸಲ ಹಾಡಿ. ಒಂದು ಸಲ ನಾಣಿ ಬಾರಿಸಲಿ, ಇನ್ನೊಂದು ಸಲ ಕೈಕಟ್ಟಿ ಕೂರಲಿ. ಯಾವುದು ಮೊದಲು ಅನ್ನೋದು ಅವನಿಷ್ಟ. ಹೊರಗಿರೋ ನಮಗೆ ಗೊತ್ತಾದ್ರೆ ಅವನು ಉಳಿಯಲಿ, ಗೊತ್ತಾಗ್ಲಿಲ್ಲ ಅಂದ್ರೆ ನಿನ್ನ ಕೀಬೋರ್ಡನ್ನೇ ಇಟ್ಕೋ" ಅಂದರು. ಅಪ್ಪ ಒಪ್ಪಿದರು. ಚಿಕ್ಕಪ್ಪನೂ ಒಪ್ಪಿದರು.

ಭಾನುವಾರ ಬೆಳಿಗ್ಗೆ. ನಡುಮನೆಯಲ್ಲಿ ಚಾಪೆ ಹಾಸಿ ತಾತ, ಅಮ್ಮ, ತಿಮ್ಮೇಗೌಡರು, ಕನ್ನಡ ಮೇಷ್ಟ್ರು, ನಾನು. ಒಗ್ಗರಣೆಯ ವಾಸನೆ ಇನ್ನೂ ಮನೆ ತುಂಬ ಇತ್ತು. ಕೋಣೆಯ ಕದ ಮುಚ್ಚಿತು. ಅಪ್ಪ ಕೀಬೋರ್ಡಿನಲ್ಲಿ ಬರಿಯ ತಾಳ ಹಾಕಿಕೊಂಡು, ಕಾರ್ಯಕ್ರಮದ ಕೊನೆಗೆ ಯಾವಾಗಲೂ ಹಾಡುತ್ತಿದ್ದ ಹಳೆಯ ಸಿನಿಮಾ ಹಾಡನ್ನು ಎತ್ತಿಕೊಂಡರು. ಅಪ್ಪನ ಗಂಟಲು ಅಂದರೆ ಏನು ಹೇಳಲಿ, ಬಿಸಿ ಹಾಲಿಗೆ ಬೆಲ್ಲ ಹಾಕಿದ ಹಾಗೆ. ಹಾಡು ಒಂದು ಸಲ ಮುಗಿಯಿತು, ಎರಡು ಸಲ ಮುಗಿಯಿತು. ತಾತ ಕಣ್ಣು ಬಿಟ್ಟು, "ಮೊದಲನೇದರಲ್ಲಿ ಬಾರಿಸಿದಾನೆ" ಅಂದರು. ತಿಮ್ಮೇಗೌಡರು "ಊಂ ಬುದ್ಧಿ, ಮೊದಲ್ನೇದೇಯ, ಎದೆಗೇ ಬಂದು ಬಡೀತು" ಅಂದರು. ಅಮ್ಮ "ಉಹೂಂ, ಎರಡನೇದು. ಮುಚ್ಚಳ ಅದುರಿದ್ದು ಕೇಳಿಸ್ತು ನನಗೆ" ಅಂತ ಹಟ ಹಿಡಿದಳು. ಮೇಷ್ಟ್ರು ಕೂಡ ಎರಡನೆಯದೇ ಅಂದರು. ಎರಡಕ್ಕೆ ಎರಡು. ತಾತ ನನ್ನ ಕಡೆ ತಿರುಗಿ, "ನೀನು ಹೇಳೇ ಮರಿ" ಅಂದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಈ ಒಂದು ಸಲ ಸುಳ್ಳು ಹೇಳಬಾರದು ಅಂತ ಯಾಕೆ ಅನ್ನಿಸಿತೋ ದೇವರಿಗೇ ಗೊತ್ತು. "ಎರಡೂ ಒಂದೇ ಥರ ಇತ್ತು ತಾತ" ಅಂದುಬಿಟ್ಟೆ.

ಎಲ್ಲರೂ ಗೊಳ್ಳೆಂದು ನಕ್ಕರು. ಕದ ತೆರೆಯಿತು. ಚಿಕ್ಕಪ್ಪ ಹೊಸ್ತಿಲಲ್ಲಿ ನಿಂತು, "ಮೊದಲನೇ ಸಲ ಬಾರಿಸಿದ್ದು" ಅಂದರು. ಹಿಂದಿನಿಂದ ಅಪ್ಪ, "ಹೌದೌದು, ಮೊದಲನೇ ಸಲ. ಚೆನ್ನಾಗೇ ಬಾರಿಸ್ದ. ಆದ್ರೂ ನೋಡಿ, ಅರ್ಧ ಜನಕ್ಕೆ ಗೊತ್ತಾಗ್ಲಿಲ್ಲ, ಮಗೂಗಂತೂ ಎರಡೂ ಒಂದೇ" ಅಂದರು. ಗೆದ್ದ ದನಿಯೇನಲ್ಲ ಅದು, ಅಪ್ಪ ಕೆಟ್ಟವರಲ್ಲ. ಚಿಕ್ಕಪ್ಪ ಅಣ್ಣನನ್ನು ಒಂದು ಕ್ಷಣ ನೋಡಿದರು. ಆಮೇಲೆ ನನ್ನ ತಲೆ ಸವರಿ ಹಿತ್ತಿಲಿಗೆ ಹೋದರು. ಆ ವಾರವೇ ಚನ್ನರಾಯಪಟ್ಟಣದ ಪರಿಚಯದವರೊಬ್ಬರ ಮೂಲಕ ಅಲ್ಲಿನ ಒಂದು ಶಾಲೆಯಲ್ಲಿ ಗುಮಾಸ್ತೆ ಕೆಲಸ ಹಿಡಿದು, ಟ್ರಂಕು ಎತ್ತಿಕೊಂಡು ಹೊರಟೇಬಿಟ್ಟರು. ಗಿಟಾರನ್ನು ಅಟ್ಟದ ಮೇಲೆ ಇಟ್ಟು ಹೋದರು.

ನಿಮ್ಮ ಮನೆಯಲ್ಲೂ ಹೀಗೆ ಒಬ್ಬರು ಎದ್ದು ಹೋಗಿದ್ದರೆ ನಾನು ಹೇಳುವುದು ನಿಮಗೆ ತಿಳಿಯುತ್ತದೆ. ಜಗಳ ಆಗಲಿಲ್ಲ, ಮಾತು ಬಿಡಲಿಲ್ಲ, ಗೌರಿಹಬ್ಬಕ್ಕೆ ದೀಪಾವಳಿಗೆ ಬಂದು ಉಂಡು ಹೋಗುತ್ತಿದ್ದರು. ಮನೆ ಮಾತ್ರ ಮೊದಲಿನ ಹಾಗೆ ಇರಲಿಲ್ಲ. ಕಾಫಿಯ ಹೊತ್ತಿಗೆ ಜಗಳವಾಡಲು ವಿಷಯವೇ ಇಲ್ಲದೆ ಮೇಷ್ಟ್ರು ಬರುವುದು ಕಡಿಮೆಯಾಯಿತು. ನಾಲ್ಕೈದು ವರ್ಷಕ್ಕೆ ಆರ್ಕೆಸ್ಟ್ರಾವನ್ನು ಕರೆಯುವವರೂ ಕಡಿಮೆಯಾದರು. ಅಪ್ಪನ ಹಾಡು ಯಾಕೋ ಮೊದಲಿನ ಹಾಗೆ ಕೂರುತ್ತಿಲ್ಲ ಅಂತ ಜನ ಅಂದರು, ಏನು ಕಡಿಮೆ ಅಂತ ಯಾರಿಗೂ ಹೇಳಲು ಬರುತ್ತಿರಲಿಲ್ಲ. ತಾತ ಹೋದರು, ಮನೆ ಮಾರಿದೆವು, ಆ ಜಾಗದಲ್ಲಿ ಈಗ ಟ್ಯೂಷನ್ ಹೇಳುವ ಮೂರಂತಸ್ತಿನ ಕಟ್ಟಡ ಇದೆ. ನಾನು ಮಾತ್ರ ಒಳಗೊಳಗೇ ಕೊರಗುತ್ತಿದ್ದೆ. ನನ್ನ ಒಂದು ಮಾತು ಚಿಕ್ಕಪ್ಪನನ್ನು ಮನೆ ಬಿಡಿಸಿತು ಅಂತ ಹದಿಮೂರು ವರ್ಷ ನಂಬಿದ್ದೆ. ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅಪ್ಪನೂ ಹೋದರು. ವೈಕುಂಠ ಸಮಾರಾಧನೆಯ ಮಾರನೆಯ ದಿನ ಮಧ್ಯಾಹ್ನ ಚಿಕ್ಕಪ್ಪನನ್ನು ಬಸ್ಸು ಹತ್ತಿಸಲು ನಾನೇ ಹಾಸನದ ಬಸ್ ಸ್ಟ್ಯಾಂಡಿಗೆ ಹೋದೆ. ಕಲ್ಲುಬೆಂಚಿನ ಮೇಲೆ ಕೂತಿದ್ದಾಗ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. "ಅವತ್ತು ನಾನು ಹಾಗೆ ಹೇಳಬಾರದಿತ್ತು ಚಿಕ್ಕಪ್ಪ, ತಪ್ಪಾಯ್ತು" ಅಂದೆ. ಅವರು ಗಾಬರಿಯಾಗಿ ನನ್ನ ಮುಖ ನೋಡಿದರು. "ಯಾವುದೇ? ಆ ಪರೀಕ್ಷೇದಾ? ಅಯ್ಯೋ ಹುಚ್ಚಿ, ಸರಿಯಾಗಿ ಹೇಳಿದವಳು ನೀನೊಬ್ಬಳೇ" ಅಂದರು.

ನನಗೆ ಅರ್ಥವಾಗಲಿಲ್ಲ. ಅವರು ಟವೆಲ್ಲಿನಿಂದ ಕತ್ತು ಒರೆಸಿಕೊಂಡು ನಿಧಾನವಾಗಿ ಹೇಳಿದರು. "ನಾನು ಎರಡು ಸಲಾನೂ ಬಾರಿಸಲಿಲ್ಲ ಕಣೇ. ಹೊರಗಿನವರಿಗೆ ಗೊತ್ತಾದ್ರೆ ಎಷ್ಟು, ಬಿಟ್ರೆ ಎಷ್ಟು? ಅಣ್ಣನಿಗೆ ಗೊತ್ತಾಗುತ್ತಾ ಅಂತ ನೋಡಬೇಕಿತ್ತು. ಅವನು ನನಗೆ ಬೆನ್ನು ಹಾಕಿ ಹಾಡ್ತಿದ್ದ. ಮೊದಲನೇ ಸಲ ಕೈಕಟ್ಟಿ ಕೂತೆ, ಈಗ ತಿರುಗಿ ನೋಡ್ತಾನೆ, ಆಗ ತಿರುಗಿ ನೋಡ್ತಾನೆ ಅಂತ. ನೋಡಲಿಲ್ಲ. ಎರಡನೇ ಸಲಾನಾದ್ರೂ ನೋಡ್ತಾನೇನೋ ಅಂದ್ಕೊಂಡೆ. ಹಾಡು ಮುಗೀತು. ಹೊರಗೆ ಬಂದು ಸುಳ್ಳು ಹೇಳಿದ್ರೆ, ಚೆನ್ನಾಗೇ ಬಾರಿಸ್ದ ಅಂದ. ಇನ್ನು ಅಲ್ಲಿ ಇದ್ದು ಏನು ಮಾಡಲಿ? ಅವನಿರೋವರೆಗೂ ಯಾರಿಗೂ ಹೇಳಬಾರದು ಅಂತಿದ್ದೆ."

ನನ್ನ ತಪ್ಪಲ್ಲ ಅನ್ನುವ ಸಮಾಧಾನ ಒಂದು ಚೂರೂ ಬರಲಿಲ್ಲ. ಬಂದದ್ದು ಆ ವರ್ಷದ ಹೊಳೆನರಸೀಪುರದ ಗಣಪತಿ ಪೆಂಡಾಲಿನ ನೆನಪು. ಚಿಕ್ಕಪ್ಪ ಹೋದ ಮೇಲಿನ ಮೊದಲ ಕಾರ್ಯಕ್ರಮ ಅದು, ಅವರಿಗೆ ಅದನ್ನು ಯಾರೂ ಹೇಳಿರಲಿಲ್ಲ. "ಅಪ್ಪ ನೋಡಿದ್ರು, ಚಿಕ್ಕಪ್ಪ" ಅಂದೆ. "ಹೊಳೆನರಸೀಪುರದಲ್ಲಿ. ನಾನೂ ಅಮ್ಮನೂ ಮುಂದೇನೇ ಕೂತಿದ್ವಿ. ಹಾಡ್ತಾ ಹಾಡ್ತಾ ಅಪ್ಪ ಎಡಗಡೆ ತಿರುಗಿ ನೋಡಿದ್ರು. ನೀವಿಲ್ಲ ಅಂತ ಆಗ ನೆನಪಾಯ್ತೇನೋ, ಹಾಗೇ ನಿಂತುಬಿಟ್ರು. ಬಾಯೇ ಬರಲಿಲ್ಲ. ತಿಮ್ಮೇಗೌಡರು ಡ್ರಮ್ಮು ಹೊಡೀತಾನೇ ಇದ್ರು, ಅಪ್ಪ ಅಲ್ಲೇ ನೋಡ್ತಾ ನಿಂತಿದ್ರು."

ಚಿಕ್ಕಪ್ಪ ಟವೆಲ್ಲನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡರು. ಆಮೇಲೆ, "ಯಾವ ಹಾಡಲ್ಲಿ?" ಅಂದರು.

"ಅದೇ ಹಾಡಲ್ಲಿ."

"ಪಲ್ಲವಿ ಮುಗಿದು ಚರಣಕ್ಕೆ ಹೋಗೋವಾಗಲಾ?"

"ಹೂಂ. ಚರಣ ಶುರುವಾಗಬೇಕಿತ್ತು, ಆಗ."

"ಅಲ್ಲೇ ಅವನು ಯಾವಾಗಲೂ ತಾಳ ಬಿಟ್ಟು ಮುಂದೆ ಓಡಿಬಿಡ್ತಿದ್ದ. ಎರಡು ಏಟು ಜಾಸ್ತಿ ಹಾಕಿ ನಾನೇ ಹಿಡ್ಕೋತಿದ್ದೆ" ಅಂದರು. "ಹಾಗಾದ್ರೆ ಗೊತ್ತಿತ್ತು ಅನ್ನು ಅವನಿಗೆ."

"ಗೊತ್ತಿತ್ತು" ಅಂದೆ.

ಬಸ್ಸು ಬಂತು. ಕಿಟಕಿಯ ಪಕ್ಕ ಕೂತು ತಲೆ ಹೊರಗೆ ಹಾಕಿ, "ಎಡಗಡೆಗೇ ತಾನೆ ತಿರುಗಿದ್ದು?" ಅಂತ ಇನ್ನೊಂದು ಸಲ ಕೇಳಿದರು. ಎಡಗಡೆಗೇ, ಅಂದೆ. ಅದಾದ ಮೇಲೆ ಚಿಕ್ಕಪ್ಪ ಎರಡು ವರ್ಷ ಇದ್ದರು. ಫೋನು ಮಾಡಿದಾಗಲೆಲ್ಲ ಊಟ ತಿಂಡಿ ವಿಚಾರಿಸಿ, ಸ್ವಲ್ಪ ಸಂಕೋಚದಿಂದಲೇ, ಹೊಳೆನರಸೀಪುರದ್ದು ಒಂದ್ಸಲ ಹೇಳೇ ಅನ್ನುತ್ತಿದ್ದರು. ನಾನೂ ಏನೂ ಬಿಡದೆ ಮೊದಲಿನಿಂದ ಹೇಳುತ್ತಿದ್ದೆ. ಈಗ ಕೇಳುವವರು ಯಾರೂ ಇಲ್ಲ. ಅದಕ್ಕೇ ನಿಮಗೆ ಹೇಳಿದೆ.