ಮಂಜಲ್ಲ, ಹಿಮ

ನಿರುಪಮಾ ಮಂಗಳವಾರ ಬೆಳಗಿನ ಜಾವ ತೀರಿಕೊಂಡಳು. ಹೃದಯಾಘಾತ. ನಲವತ್ತಮೂರು ವರ್ಷ.

ಫ್ರೀಮಾಂಟಿನ ಅವಳ ಮನೆಗೆ ದುಃಖ ಹೇಳಲು ಬಂದವರೆಲ್ಲ ಅವಳಿಗೆ ಗಾರ್ಡನಿಂಗ್ ಹಾಬಿ ಇತ್ತೆಂದರು. ಮೂರು ವರ್ಷ ಅದೇ ಹಿತ್ತಲಲ್ಲಿ ನಿಂತು ನಕ್ಕವರೂ ಇವರೇ.

ಅವಳು ಸಾಕಿದ್ದು ಒಂದೇ ಗಿಡ, ಪಿಯೋನಿ. ಬೋಗುಣಿಯಷ್ಟಗಲ ಹೂ ಬಿಡುವ ಚಳಿನಾಡಿನ ಗಿಡ. ಚಳಿಗಾಲದಲ್ಲಿ ಬುಡ ತಣ್ಣಗಾಗದಿದ್ದರೆ ಮೊಗ್ಗೇ ಇಡುವುದಿಲ್ಲ. ಇಲ್ಲಿ ಅಂಥ ಚಳಿಯಿಲ್ಲ. ಹಾಗಾಗಿ ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಫಾಸ್ಟರ್ ಸಿಟಿಯ ಲ್ಯಾಬಿಗೆ ಹೊರಡುವ ಮುನ್ನ, ನಿತ್ಯ ಒಂದು ಬಕೆಟ್ ಐಸು ಸುರಿಯುತ್ತಿದ್ದಳು.

"ಐಸ್ ಆಯ್ತು, ವಿಸ್ಕಿ ಯಾವಾಗ ಅತ್ತಿಗೆ?" ಎನ್ನುತ್ತಿದ್ದರು ಗಂಡ ಜಗನ್ನಾಥನ ಗೆಳೆಯರು. ಇಂಟರ್ನೆಟ್ಟಿನಲ್ಲಿ ಮೇಣದಬತ್ತಿ ಮಾರುವ ಕಂಪನಿ ಅವರದು. ಒಂದು ಬತ್ತಿಯೂ ಮಾರಾಟವಾಗಿರಲಿಲ್ಲ, ಆದರೂ ಎಲ್ಲರೂ ವೈಸ್ ಪ್ರೆಸಿಡೆಂಟುಗಳು.

ಜಗನ್ನಾಥನಿಗೆ ಆ ಜಾಗದಲ್ಲಿ ಪಾರ್ಟಿಗೆಂದು ಮರದ ಜಗಲಿಯಂಥ ಡೆಕ್ ಬೇಕಿತ್ತು. "ಈ ವರ್ಷ ಒಂದು ಹೂವಾದ್ರೂ ಬಿಟ್ರೆ ಇರಲಿ. ಇಲ್ದಿದ್ರೆ ಕಿತ್ತಾಕಿಸ್ತೀನಿ," ಎಂದಿದ್ದ.

ಈ ಮಾರ್ಚಿನಲ್ಲಿ, ತೊಂಬತ್ತೊಂಬತ್ತರಲ್ಲಿ, ಮೊದಲ ಬಾರಿಗೆ ಏಳು ಮೊಗ್ಗು ಬಂದವು. ಏಪ್ರಿಲ್ ಮೊದಲ ಗುರುವಾರ ಲ್ಯಾಬಿನಿಂದ ಫೋನ್ ಮಾಡಿದಳು. ಮಾತಿಗೆ ಹತ್ತು ಇಂಗ್ಲಿಷ್ ಪದ ಬೆರೆಸುವವಳು ಆ ಒಂದು ಪದವನ್ನು ಮಾತ್ರ ಕನ್ನಡದಲ್ಲಿ ಹೇಳಿದಳು.

"ರೀ, ಇವತ್ತು ಮಂಜು ಬೀಳತ್ತಂತೆ. ನಂಗೆ ನೈಟ್ ಶಿಫ್ಟು. ಗಿಡಕ್ಕೆ ಹಳೇ ಸೀರೆ ಹೊದಿಸಿಬಿಡಿ."

"ಮಂಜು ಬೀಳದ ದಿನ ಯಾವ್ದೇ ಇಲ್ಲಿ? ಆಯ್ತು, ಮೀಟಿಂಗಲ್ಲಿದೀನಿ."

ಮೈಸೂರಿನಲ್ಲಿ ಬೆಳೆದವರಿಗೆ ಕಣ್ಣಿಗೆ ಕವಿಯುವ ಫಾಗೂ ಮಂಜೇ, ಗಿಡ ಸುಡುವ ಫ್ರಾಸ್ಟೂ ಮಂಜೇ. ಅವನು ಫಾಗ್ ಎಂದುಕೊಂಡ. ಯಾವ ಮಂಜು ಎಂದು ಕೇಳುವಷ್ಟು ಪುರುಸೊತ್ತು ಆ ಮಹಾನುಭಾವನಿಗೆ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವಳು ಬಂದಾಗ ದಂಟುಗಳೆಲ್ಲ ಬೇಯಿಸಿದ ಸೊಪ್ಪಿನಂತೆ ನೆಲಕ್ಕೆ ಒರಗಿದ್ದವು. ಜಗನ್ನಾಥ ಕತ್ತರಿ ಹಿಡಿದು ಬಂದ.

"ಸತ್ತೋಯ್ತು ಬಿಡು."

"ಮುಟ್ಟಬೇಡಿ! ಬಿಸಿಲೇರಿದ್ರೆ ಏಳತ್ತೆ."

ಎರಡು ಬೀದಿ ಆಚೆಯಿದ್ದ ಗೆಳತಿ ನನಗೆ ಫೋನ್ ಮಾಡಿ ಕರೆಸಿಕೊಂಡಳು. ಇಬ್ಬರೂ ಅಡುಗೆಮನೆಯ ಸ್ಟೂಲು ತಂದು ಗಿಡದ ಪಕ್ಕ ಕೂತೆವು. ಹನ್ನೊಂದರ ಹೊತ್ತಿಗೆ ದಂಟುಗಳು ಒಂದೊಂದಾಗಿ ಎದ್ದವು. ಬಟಾಣಿಯಷ್ಟಿದ್ದ ಆರು ಮೊಗ್ಗು ಮಾತ್ರ ಕಪ್ಪಾಗಿದ್ದವು. ಎಲೆಯ ಮರೆಯಲ್ಲಿದ್ದ ಏಳನೆಯದು ಇನ್ನೂ ಹಸಿರಾಗಿತ್ತು.

"ಒಂದು ಸಾಕು ಅಂದಿದ್ರಿ," ಎಂದಳು ಗಂಡನಿಗೆ. ಅವನು ಕತ್ತರಿಯನ್ನು ಒಳಗೆ ಒಯ್ದಿಟ್ಟ.

ಸೋಮವಾರ ರಾತ್ರಿ ಮತ್ತೆ ಫ್ರಾಸ್ಟ್ ಬೀಳುವುದೆಂದು ಟಿವಿಯಲ್ಲಿ ಹೇಳಿದರು. ಲ್ಯಾಬಿನಿಂದ ಬಂದವಳು ಶೂ ಕೂಡ ಬಿಚ್ಚದೆ ನಾಲ್ಕು ಕೋಲು ನೆಟ್ಟು, ಮೊಗ್ಗಿಗೆ ತಾಗದಂತೆ ಸೀರೆ ಹೊದಿಸಿ, ಅಂಚಿಗೆ ಕಲ್ಲಿಟ್ಟಳು. ಮಂಗಳವಾರ ನಸುಕಿಗೇ ಕೆಲಸಕ್ಕೆ ಹೊರಡಬೇಕಿತ್ತು. ಮಲಗುವ ಮುನ್ನ ಒಂದು ಚೀಟಿ ಬರೆದಳು: "ಇದು ಮಂಜಲ್ಲ, ಹಿಮ. ಬಿಸಿಲು ಬಂದ ಮೇಲೆ ಸೀರೆ ತೆಗೆಯಿರಿ." 'ಮಂಜಲ್ಲ'ದ ಕೆಳಗೆ ಎರಡು ಗೆರೆ ಎಳೆದು, ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು.