ಕೋಟೆಗೋಡೆಯ ಕೆಂಪು

ಬೋಳಾರದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸುಬಹಿ ನಮಾಝ್ ಮುಗಿಸಿ ಬಂದ ರವೂಫ್ ಟೊಪ್ಪಿಯನ್ನು ಮೊಳೆಗೆ ಸಿಕ್ಕಿಸಿ, ಜಗಲಿಯ ಬಾಗಿಲು ಅರ್ಧ ತೆರೆದಿಟ್ಟು, ಟಿವಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ಒಂದು ಕೈಯಲ್ಲಿ ರಿಮೋಟು, ಇನ್ನೊಂದರಲ್ಲಿ ಅಂಗೈಯಗಲದ ಒಡೆದ ಹಂಚಿನ ಚೂರು. ಟಿವಿಯಲ್ಲಿ ಹಳೆಯ ವಿಡಿಯೋ ಗೇಮ್ ಒಂದು ಅಲ್ಲಾಡದೆ ನಿಂತಿದೆ. ಕಪ್ಪು ನೆಲ, ನಡುವೆ ಇಟ್ಟಿಗೆಯ ಪುಟ್ಟ ಕೋಟೆ, ಅದರ ಕಾವಲಿಗೆ ಎರಡು ಟ್ಯಾಂಕು. ರವೂಫ್ ಹಂಚಿನ ಚೂರನ್ನು ಕೋಟೆಯ ಗೋಡೆಯ ಪಕ್ಕಕ್ಕೆ ಹಿಡಿಯುತ್ತಾರೆ, ಕಣ್ಣು ಕಿರಿದು ಮಾಡುತ್ತಾರೆ, ರಿಮೋಟಿನಲ್ಲಿ ಕೆಂಪನ್ನು ಒಂದಿಷ್ಟು ಏರಿಸುತ್ತಾರೆ, ಮತ್ತೆ ಹಿಡಿಯುತ್ತಾರೆ. ಈ ಮನುಷ್ಯನಿಗೆ ಏನೋ ಆಗಿದೆ ಎಂದು ನೋಡಿದವರಿಗೆ ಅನಿಸಿದರೆ ತಪ್ಪೇನಿಲ್ಲ. ಒಳಗಿನಿಂದ ಚಹಾ ತರುವ ಹೆಂಡತಿ ಆಯಿಶಾ ಅವರಿಗೇ ಹಾಗೆ ಅನಿಸಿದ್ದುಂಟು.

"ಬಿಸಿಲು ಬಂದ್ರೆ ಮುಗೀತು," ಎನ್ನುತ್ತಾರೆ ರವೂಫ್, ಜಗಲಿಗೆ ಬಂದ ನಮ್ಮತ್ತ ತಿರುಗಿಯೂ ನೋಡದೆ. "ಎಲ್ಲದಕ್ಕೂ ಹಳದಿ ಬೀಳ್ತದೆ. ಟ್ಯೂಬ್‌ಲೈಟ್ ಹಾಕಿದ್ರೆ ನೀಲಿ. ಈಗ ಸ್ವಲ್ಪ ಹೊತ್ತು ಮಾತ್ರ ಬಣ್ಣ ಬಣ್ಣದ ಹಾಗೆ ಕಾಣುದು. ನೀವು ಕೂತ್ಕೊಳ್ಳಿ ಮಾರಾಯ್ರೆ, ಚಹಾ ಕುಡೀರಿ. ನಾನು ಈಗ ಬಂದೆ."

ಈಗ ಬಂದೆ ಎಂದವರು ಬರುವಷ್ಟರಲ್ಲಿ ಅವರ ಪಾಲಿನ ಚಹಾ ತಣ್ಣಗಾಗಿ ಕೆನೆ ಕಟ್ಟಿದೆ.

ಊರಿನಲ್ಲಿ ರವೂಫ್ ಎಂದರೆ ಗೋಡೆಗೆ ಟಿವಿ ಹಾಕಿಕೊಡುವವರು, ಕೆಟ್ಟ ಟಿವಿಯನ್ನು ಮನೆಗೇ ಬಂದು ರಿಪೇರಿ ಮಾಡುವವರು. ಸ್ಕೂಟರಿನ ಹಿಂದೆ ಡ್ರಿಲ್ಲಿಂಗ್ ಮಶೀನು ಕಟ್ಟಿಕೊಂಡು ಮಣ್ಣಗುಡ್ಡದಿಂದ ಪಣಂಬೂರಿನ ಕ್ವಾರ್ಟರ್ಸ್‌ವರೆಗೆ ಓಡಾಡುತ್ತಾರೆ. ಅದು ಹೊಟ್ಟೆಪಾಡು. ಅವರ ಜೀವ ಇರುವುದು ಬೇರೆ ಕಡೆ. ಮೂವತ್ತು ವರ್ಷ ಹಿಂದಿನ ಗೇಮ್ ಯಂತ್ರಗಳಿದ್ದವಲ್ಲ, ಕ್ಯಾಸೆಟ್ ತುರುಕಿ, ಚಿತ್ರ ಬಾರದಿದ್ದರೆ ತೆಗೆದು ಉಫ್ ಎಂದು ಊದಿ, ಮತ್ತೆ ತುರುಕಿ ಆಡುತ್ತಿದ್ದಂಥವು, ಅವನ್ನು ಇವತ್ತಿನ ಟಿವಿಯಲ್ಲಿ ಅವತ್ತಿನ ಹಾಗೆ ಕಾಣಿಸುವುದು ಅವರ ಗುಟ್ಟಿನ ಕಸುಬು. ಇದಕ್ಕೆ ಬೋರ್ಡಿಲ್ಲ, ಅಂಗಡಿಯಿಲ್ಲ. ಒಬ್ಬರು ಇನ್ನೊಬ್ಬರಿಗೆ ಹೇಳಿ, ಕವರಿನಲ್ಲಿ ಧೂಳು ಹಿಡಿದ ಯಂತ್ರ ಹಿಡಿದುಕೊಂಡು ಜನ ಬೋಳಾರದ ಈ ಜಗಲಿಗೆ ಬರುತ್ತಾರೆ.

ಬರುವವರ ದೂರು ಹೆಚ್ಚುಕಡಿಮೆ ಒಂದೇ. ಅಟ್ಟದಿಂದ ಇಳಿಸಿ, ಒರೆಸಿ, ಗೋಡೆಯಗಲದ ಟಿವಿಗೆ ಸಿಕ್ಕಿಸಿದರೆ ಬರುವುದು ಮಬ್ಬುಮಬ್ಬಾದ ಅಡ್ಡಡ್ಡ ಉಬ್ಬಿದ ಚಿತ್ರ. ಆಟದೊಳಗಿನ ಮನುಷ್ಯರೆಲ್ಲ ಮದುವೆ ಊಟ ಮುಗಿಸಿ ಬಂದವರ ಹಾಗೆ ದಪ್ಪಗಾಗಿರುತ್ತಾರೆ.

"ಹೊಸ ಟಿವಿಗೆ ಸ್ವಲ್ಪ ಬುದ್ಧಿ ಜಾಸ್ತಿ," ಎನ್ನುತ್ತಾರೆ ರವೂಫ್. "ಬಂದ ಚಿತ್ರವನ್ನು ಬಂದ ಹಾಗೆ ತೋರಿಸ್ಲಿಕ್ಕೆ ಅದಕ್ಕೆ ಆಗುದಿಲ್ಲ. ಎಳೀತದೆ, ಉಜ್ಜುತ್ತದೆ, ತಿದ್ದುತ್ತದೆ. ತಿದ್ದಿ ತೋರಿಸುವಾಗ ತಡ ಆಗ್ತದೆ. ನಾವು ಇಲ್ಲಿ ಬಟನ್ ಒತ್ತಿದ್ರೆ ಅಲ್ಲಿ ಅವ ಹಾರುದು ಆಮೇಲೆ. ಅಷ್ಟೊತ್ತಿಗೆ ಗುಂಡಿಗೆ ಬಿದ್ದಾಗಿರ್ತದೆ. ಜನ ಎಂತ ಅಂದುಕೊಳ್ತಾರೆ ಗೊತ್ತುಂಟಾ? ನನ್ನ ಕೈ ಹೋಯ್ತು, ಪ್ರಾಯ ಆಯ್ತು ಅಂತ. ಪ್ರಾಯ ಆದದ್ದು ಹೌದು. ಆದ್ರೆ ಬಿದ್ದದ್ದು ಅದಕ್ಕಲ್ಲ."

ಅವರ ಮೊದಲ ಕೆಲಸ ಟಿವಿಯ ಈ ಅತಿಬುದ್ಧಿಯನ್ನು ಒಂದೊಂದಾಗಿ ಆರಿಸುವುದು, ಚಿತ್ರವನ್ನು ಅದರ ಹಳೆಯ ಚೌಕಕ್ಕೆ ತರುವುದು. ಅಕ್ಕಪಕ್ಕ ಖಾಲಿ ಉಳಿದರೆ ಉಳಿಯಲಿ. ಎರಡನೆಯದು ಯಂತ್ರದ ಹೊಟ್ಟೆಯೊಳಗಿನ ಕೆಲಸ. ಕೆಲವು ಯಂತ್ರಗಳಲ್ಲಿ ಕೆಂಪು, ಹಸಿರು, ನೀಲಿ ಮೂರೂ ಬೇರೆಬೇರೆಯಾಗಿಯೇ ಹುಟ್ಟುತ್ತವೆ, ಹೊರಗೆ ಬರುವಾಗ ಮಾತ್ರ ಮೂರನ್ನೂ ಒಂದೇ ವಯರಿಗೆ ತುರುಕಿ ಕಲಸುಮೇಲೋಗರ ಮಾಡಿರುತ್ತಾರೆ. ರವೂಫ್ ಯಂತ್ರ ಬಿಚ್ಚಿ, ಹುಟ್ಟುವಲ್ಲಿಂದಲೇ ಮೂರಕ್ಕೂ ಬೇರೆ ವಯರು ಬೆಸೆದು ಹೊರಗೆ ತರುತ್ತಾರೆ. ಹಳೆಯ ಚಿತ್ರದಲ್ಲಿ ಗೆರೆಗಳು ಕಡಿಮೆ, ಹೊಸ ಟಿವಿಗೆ ಬೇಕಾದದ್ದು ಅದರ ಹಲವು ಪಟ್ಟು. ಅದಕ್ಕೆ ನಡುವೆ ಒಂದು ಪುಟ್ಟ ಪೆಟ್ಟಿಗೆ ಇಡುತ್ತಾರೆ. ಅದು ಪ್ರತಿ ಗೆರೆಯನ್ನೂ ಇದ್ದ ಹಾಗೆಯೇ ಮತ್ತೆ ಮತ್ತೆ ಬರೆದು ಟಿವಿಗೆ ಕೊಡುತ್ತದೆ, ಟಿವಿ ತಾನಾಗಿ ಊಹಿಸಿ ಹಾಳು ಮಾಡಲು ಎಡೆಯೇ ಉಳಿಯುವುದಿಲ್ಲ. ಎಲ್ಲ ಆದ ಮೇಲೆ ಬಣ್ಣ. ಹಂಚಿನ ಚೂರು ಬರುವುದು ಅಲ್ಲಿ.

ಇದನ್ನೆಲ್ಲ ಅವರು ಶಾಲೆಯಲ್ಲಿ ಕಲಿತವರಲ್ಲ. ಬೆಸೆಯುವುದನ್ನು ಕಲಿಸಿದವರು ಹಂಪನಕಟ್ಟೆಯಲ್ಲಿ ಟಿವಿ ರಿಪೇರಿ ಮಾಡುತ್ತಿದ್ದ ಆಂಬ್ರೋಸ್. ಈ ಹುಚ್ಚು ಹಿಡಿಸಿದವರು ಮಾತ್ರ ಸ್ವಂತ ಅಣ್ಣ ಇಜಾಝ್.

ಇಜಾಝ್ ಮೀಸೆ ಸರಿಯಾಗಿ ಮೂಡುವ ಮೊದಲೇ ಕಡಲಾಚೆಯ ದಮ್ಮಾಮಿಗೆ ದುಡಿಯಲು ಹೋದವರು. ಮೊದಲ ರಜೆಗೆ ಬಂದಾಗ ಒಂದು ದಪ್ಪ ಟಿವಿ, ಒಂದು ಗೇಮ್ ಯಂತ್ರ, ಎರಡು ಜಾಯ್‌ಸ್ಟಿಕ್ ತಂದರು. ಆ ಮಳೆಗಾಲವಿಡೀ ಅಣ್ಣತಮ್ಮ ಆಡಿದ್ದು ಇದೇ ಕೋಟೆ ಕಾಯುವ ಆಟ. ಇಜಾಝ್ ಅವರ ಟ್ಯಾಂಕು ಕೋಟೆಯ ಪಕ್ಕದಿಂದ ಕದಲುತ್ತಿರಲಿಲ್ಲ. "ನೀನು ಮುಂದೆ ಹೋಗು, ಮನೆ ನಾನು ನೋಡ್ತೇನೆ" ಎನ್ನುತ್ತಿದ್ದರು. ಚಿಕ್ಕವರಾದ ರವೂಫ್ ಸಿಕ್ಕಸಿಕ್ಕಲ್ಲಿ ನುಗ್ಗಿ ಗುಂಡು ಹಾರಿಸಿ ಬರುತ್ತಿದ್ದರು. ಆಗ ಮನೆಯ ಹಿಂದಿದ್ದ ಹಂಚಿನ ಕಾರ್ಖಾನೆಯಲ್ಲಿ ಹೊಸ ಹಂಚುಗಳನ್ನು ಪೇರಿಸಿಡುತ್ತಿದ್ದರು. ಒಂದು ದಿನ ಇಜಾಝ್ ಆಟದ ಗೋಡೆಯನ್ನು ತೋರಿಸಿ, "ನೋಡು, ನಮ್ಮ ಹಂಚಿನದ್ದೇ ಬಣ್ಣ" ಎಂದಿದ್ದರು.

ಆಮೇಲೆ ರಜೆಗಳು ಬಂದವು, ಆಟ ಬರಲಿಲ್ಲ. ಒಂದು ರಜೆ ತಂದೆಯ ಮರಣಕ್ಕೆ, ಎರಡು ರಜೆ ತಂಗಿಯರ ಮದುವೆಗೆ, ಒಂದು ಮನೆಯ ತಾರಸಿಗೆ. ರವೂಫ್ ಅವರಿಗೂ ವೀಸಾ ಬಂದಿತ್ತು. ಹೆತ್ತ ಉಮ್ಮನ ಬಳಿ ಒಬ್ಬರಾದರೂ ಇರಬೇಕೆಂದು ಉಳಿದುಕೊಂಡರು. "ಆಟದಲ್ಲಿ ಮನೆ ಕಾದದ್ದು ಅವರು, ಹೊರಗೆ ಹೋದದ್ದು ಇವರು," ಎಂದು ಆಯಿಶಾ ಸಣ್ಣಗೆ ನಗುತ್ತಾರೆ. "ಆಮೇಲೆ ಉಲ್ಟಾ ಆಯ್ತಲ್ಲ."

ಎಂಟು ವರ್ಷದ ಹಿಂದಿನ ಒಂದು ರಜೆಯಲ್ಲಿ, ಇಬ್ಬರಿಗೂ ಬಿಡುವಿದ್ದ ಒಂದು ಮಧ್ಯಾಹ್ನ, ರವೂಫ್ ಆಸೆಪಟ್ಟು ಯಂತ್ರ ಇಳಿಸಿ ಹೊಸ ಚಪ್ಪಟೆ ಟಿವಿಗೆ ಸಿಕ್ಕಿಸಿದ್ದರು. ಇಜಾಝ್ ಕೂತರು, ಸ್ವಲ್ಪ ಆಡಿದರು. ಮಬ್ಬು ಗೋಡೆ, ಉಬ್ಬಿದ ಟ್ಯಾಂಕು, ಒತ್ತಿದ್ದೊಂದು ಆದದ್ದೊಂದು. ಜಾಯ್‌ಸ್ಟಿಕ್ ಕೆಳಗಿಟ್ಟು, "ನಮ್ಮ ಆಟ ಹೀಗಿರ್ಲಿಲ್ಲ ಅಲ್ವಾ? ಬಿಡು, ನಾವೇ ದೊಡ್ಡವರಾದೆವು" ಎಂದು ಎದ್ದು ಹೋದರು.

"ಆ ಮಾತು ನನಗೆ ಇಲ್ಲಿ ಕೂತಿದೆ," ಎಂದು ರವೂಫ್ ಎದೆ ಮುಟ್ಟಿಕೊಳ್ಳುತ್ತಾರೆ. "'ದೊಡ್ಡವರಾದದ್ದಕ್ಕೆ ಅಲ್ಲ ಅಣ್ಣ, ಟಿವಿ ಸರಿ ಇಲ್ಲ' ಅಂತ ನಾನು ಹೇಳ್ಬೇಕಿತ್ತು. ಆಗ ನನಗೂ ಗೊತ್ತಿರ್ಲಿಲ್ಲ. ಮತ್ತೆ ಅವ ಆಟದ ಸುದ್ದಿ ಎತ್ಲೇ ಇಲ್ಲ."

ಅಲ್ಲಿಂದ ಶುರುವಾಯಿತು. ಅಣ್ಣ ತಂದ ದಪ್ಪ ಟಿವಿಯನ್ನು ಅಟ್ಟದಿಂದ ಇಳಿಸಿ ಜೀವ ಬರಿಸಿದರು. ಅದನ್ನೂ ಚಪ್ಪಟೆ ಟಿವಿಯನ್ನೂ ಪಕ್ಕಪಕ್ಕ ಇಟ್ಟು, ಹೊಸದು ಹಳೆಯದರ ಹಾಗೆ ಕಾಣುವವರೆಗೆ ತಿಣುಕಿದರು. ಕಲಿತದ್ದು ಊರಿನವರ ಉಪಯೋಗಕ್ಕೂ ಬಂತು. ದಪ್ಪ ಟಿವಿಯ ಪಿಕ್ಚರ್ ಟ್ಯೂಬು ಮುದಿಯಾಗಿತ್ತು, ಜಾಸ್ತಿ ಹೊತ್ತು ಹಾಕುವ ಹಾಗಿರಲಿಲ್ಲ. ಅದಕ್ಕೆ ಬೆಳಗ್ಗೆ ಮಾತ್ರ ಹಾಕಿ, ಆ ಬಣ್ಣವನ್ನು ಕಣ್ಣಲ್ಲಿ ತುಂಬಿಕೊಂಡು, ಮೊಬೈಲ್ ಫೋಟೋವನ್ನು ನಂಬದೆ, ಸ್ಕೂಟರ್ ಹತ್ತಿ ಗಿರಾಕಿಗಳ ಮನೆಗೆ ಹೋಗಿ ಅಲ್ಲಿ ಇಳಿಸುತ್ತಿದ್ದರು. ದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ ಸಿಡುಕು.

ಎಡವಿದ್ದೂ ಅಲ್ಲೇ. ಕಳೆದ ವರ್ಷ ಮಣ್ಣಗುಡ್ಡದ ಚೈತಾಲಿ ಎಂಬ ಬ್ಯಾಂಕ್ ಉದ್ಯೋಗಿ, ರವೂಫ್ ಕೂರಿಸಿಕೊಟ್ಟ ಚಿತ್ರವನ್ನು ನೋಡಿ ಹಿಂಜರಿಯುತ್ತಲೇ ಹೇಳಿದರು. "ರವೂಫಣ್ಣ, ಬೇಸರ ಮಾಡ್ಬೇಡಿ. ಎಲ್ಲ ಚಂದ ಉಂಟು. ಈ ಗೋಡೆ ಮಾತ್ರ ಹಾಲು ಜಾಸ್ತಿ ಆದ ಚಹಾದ ಹಾಗೆ ಉಂಟಲ್ಲ? ಇದು ಕೆಂಪಿರ್ಲಿಲ್ವಾ?"

ರವೂಫ್ ಅವರಿಗೆ ರೇಗಿತು. ನನ್ನ ಟಿವಿಯಲ್ಲಿ ಹೀಗೇ ಉಂಟು ಎಂದು ಖಡಕ್ಕಾಗಿ ಹೇಳಿ ಬಂದರು. ಮನೆಗೆ ಬಂದು ಆಯಿಶಾ ಅವರ ಮುಂದೆ ಗೊಣಗಿದರು. ಆಯಿಶಾ ಮೀನು ಕೊಯ್ಯುತ್ತಿದ್ದವರು ಕತ್ತಿ ನಿಲ್ಲಿಸಿ, "ಅದರಲ್ಲಿ ಕೆಂಪು ಎಲ್ಲುಂಟು? ಹೋಗಿ ತಿಂಗಳುಗಟ್ಟಲೆ ಆಯ್ತು," ಎಂದರು. "ಅಣ್ಣನ ಟಿವಿಗೆ ನಾನ್ಯಾಕೆ ಹೆಸರಿಡುದು ಅಂತ ಸುಮ್ಮನಿದ್ದೆ."

ಮರುದಿನ ಬೆಳಗ್ಗೆ ನೋಡಿದರೆ ಹೌದು. ಟ್ಯೂಬಿನಲ್ಲಿ ಕೆಂಪು ಸೋತಿತ್ತು. ದಿನಕ್ಕೆ ಒಂದಿಷ್ಟೇ ಸೋತದ್ದರಿಂದ ದಿನವೂ ನೋಡುವ ಕಣ್ಣಿಗೆ ಗೊತ್ತಾಗಿರಲಿಲ್ಲ. ಅಷ್ಟು ಕಾಲ ಅವರು ಊರಿಡೀ ಹಂಚಿದ್ದು ಸಾಯುತ್ತಿರುವ ಟಿವಿಯ ಬಣ್ಣ. ರವೂಫ್ ಅವರಿಗೆ ನಾಚಿಕೆಗಿಂತ ಹೆದರಿಕೆ ಹೆಚ್ಚಾಗಿತ್ತು. ಅಣ್ಣನ ಜೊತೆ ಆಡಿದ ಆ ಕೆಂಪು ಇನ್ನು ಎಲ್ಲಿಯೂ ಇಲ್ಲ ಎಂಬ ಹೆದರಿಕೆ.

"ಹಂಚಿನ ಬಣ್ಣ ಅಂತ ಹೇಳಿದ್ರಲ್ಲ ನಿಮ್ಮ ಅಣ್ಣ, ನೀವೇ ಸಾವಿರ ಸಲ ಹೇಳಿದ್ದೀರಿ," ಎಂದವರು ಆಯಿಶಾ. ಆ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿದೆ. ಆದರೆ ಹಿತ್ತಿಲಿನ ಕಟ್ಟಿಗೆ ಕೊಟ್ಟಿಗೆಗೆ ಅದರದ್ದೇ ಹಂಚು. ರವೂಫ್ ಒಂದನ್ನು ಇಳಿಸಿದರು. ಮೇಲೆಲ್ಲ ಪಾಚಿ, ಕರಿ. ಅಂಗಳದ ಕಲ್ಲಿಗೆ ಕುಕ್ಕಿ ಒಡೆದರು. ಒಡೆದ ಮಗ್ಗುಲಲ್ಲಿ ಮಳೆಯೂ ಬಿಸಿಲೂ ಮುಟ್ಟದ ಕೆಂಪು ಹಾಗೆಯೇ ಇತ್ತು. "ಮಳೆಗಾಲ ಹತ್ರ ಬಂದಾಗ ಒಳ್ಳೆ ಹಂಚನ್ನು ಒಡೆದು ಕೂತಿದ್ರು," ಎಂದು ಆಯಿಶಾ ಈಗಲೂ ಬೈಯುತ್ತಾರೆ. "ನಾನು ಬಣ್ಣ ನೋಡಿ ಅಂದದ್ದು, ಒಡೆಯಿರಿ ಅಂದದ್ದಲ್ಲ."

ಮುಂದಿನ ವಾರಗಳಲ್ಲಿ ರವೂಫ್ ಕೆಲಸ ಮಾಡಿದ ಒಂದೊಂದೇ ಮನೆಗೆ ವಾಪಸು ಹೋದರು. ಮೊದಲು ಹೋದದ್ದು ಮಣ್ಣಗುಡ್ಡಕ್ಕೆ. ಕೆಲವರು, ನಾವು ಕರೆಯಲೇ ಇಲ್ಲವಲ್ಲ ಎಂದು ಬಾಗಿಲಲ್ಲೇ ನಿಲ್ಲಿಸಿದರು. "ಸ್ವಲ್ಪ ಕೆಂಪು ಬಾಕಿ ಉಂಟು, ಹಾಕಿ ಹೋಗ್ತೇನೆ" ಎನ್ನುವುದು ಇವರ ಉತ್ತರ. ಪಣಂಬೂರಿನ ಒಂದು ಮನೆಯಲ್ಲಿ ಆಡುತ್ತಿದ್ದವರು ಬಣ್ಣ ಬದಲಾದದ್ದನ್ನು ಗಮನಿಸಲೂ ಇಲ್ಲ, ಆಟ ಮುಂದುವರಿಸಿದರು. ರವೂಫ್ ಅದನ್ನು ನೋಡುತ್ತಾ ಸ್ವಲ್ಪ ಹೊತ್ತು ಅಲ್ಲೇ ನಿಂತರು.

ದಪ್ಪ ಟಿವಿ ಈ ವರ್ಷ ನಿಂತೇ ಹೋಯಿತು. ಸ್ವಿಚ್ ಒತ್ತಿದರೆ ಟಕ್ ಎಂದಿತು, ಆಮೇಲೆ ಬರಬೇಕಾದ ಸಣ್ಣ ಕುಂಯ್ ಸದ್ದು ಬರಲಿಲ್ಲ. ರವೂಫ್ ಅದನ್ನು ಗುಜರಿಗೆ ಹಾಕಿಲ್ಲ. ಬೆಡ್‌ಶೀಟ್ ಹೊದಿಸಿ ಮೂಲೆಯಲ್ಲಿ ಇಟ್ಟಿದ್ದಾರೆ. ಇನ್ನು ಹೋಲಿಸಿ ನೋಡಲು ಉಳಿದದ್ದು ಈ ಚೂರು ಹಂಚು ಮತ್ತು ಒಂದು ಮಳೆಗಾಲದ ನೆನಪು.

ಇಷ್ಟೆಲ್ಲ ಆತುರ ಯಾಕೆಂದರೆ, ಶುಕ್ರವಾರ ಇಜಾಝ್ ಬರುತ್ತಿದ್ದಾರೆ. ಈ ಸಲ ರಜೆಯಲ್ಲ. ವೀಸಾ ಕ್ಯಾನ್ಸಲ್ ಮಾಡಿ ಬರುವುದು, ಮತ್ತೆ ಹೋಗುವುದಿಲ್ಲ. ಮೊಣಕಾಲು ಸೋತಿದೆಯಂತೆ, ತಲೆ ಪೂರ್ತಿ ಬೆಳ್ಳಗಾಗಿದೆಯಂತೆ. ಟಿವಿಯ ಮುಂದೆ ಅವರಿಗಾಗಿ ಒಂದು ಕುರ್ಚಿ ಇಡಬೇಕೆಂದು ಆಯಿಶಾ ಆಗಲೇ ತೀರ್ಮಾನಿಸಿದ್ದಾರೆ. ಎರಡನೇ ಜಾಯ್‌ಸ್ಟಿಕ್ಕಿನ ಬಟನ್ನುಗಳನ್ನು ರವೂಫ್ ಬಿಚ್ಚಿ ತೊಳೆದು ಕೂರಿಸಿದ್ದಾರೆ. ಕೂತು ಆಡುತ್ತಾರೋ ಇಲ್ಲವೋ, ಕೇಳುವ ಧೈರ್ಯ ಮಾತ್ರ ತಮ್ಮನಿಗೆ ಫೋನಿನಲ್ಲಿ ಬಂದಿಲ್ಲ. ಟಿಕೆಟ್, ಲಗೇಜು, ಮೊಣಕಾಲಿನ ಡಾಕ್ಟರು, ಅಷ್ಟರಲ್ಲೇ ಮಾತು ಮುಗಿಯುತ್ತದೆ.

ಬಿಸಿಲು ಜಗಲಿಗೆ ಬಂದಿದೆ. ರವೂಫ್ ರಿಮೋಟು ಕೆಳಗಿಟ್ಟು ಹಂಚಿನ ಚೂರನ್ನು ಅಂಗಿಯಲ್ಲಿ ಒರೆಸುತ್ತಾರೆ. ಕೋಟೆಯ ಗೋಡೆ ಈಗ ಒಡೆದ ಹಂಚಿನಷ್ಟೇ ಕೆಂಪು. ಅಣ್ಣ ನೋಡಿ ಏನು ಹೇಳಬೇಕೆಂದು ಆಸೆ ಎಂದು ಕೇಳಿದರೆ ಅವರು ಚೂರನ್ನು ಟಿವಿಯ ಪಕ್ಕ ಇಡುತ್ತಾರೆ.

"ಚಿತ್ರ ಚಂದ ಉಂಟು ಅಂತ ಅವ ಹೇಳ್ಬಾರದು," ಎನ್ನುತ್ತಾರೆ. "ಹಾಗೆ ಹೇಳಿದ್ರೆ ಅವ ಆಟ ಬಿಟ್ಟು ಚಿತ್ರ ನೋಡಿದ ಅಂತ ಆಯ್ತು. ಅದು ಬೇಡ ನನಗೆ. ಬಂದು ಕೂತು, ಜಾಯ್‌ಸ್ಟಿಕ್ ಕೈಗೆ ತಗೊಂಡು, 'ನೀನು ಮುಂದೆ ಹೋಗು, ಮನೆ ನಾನು ನೋಡ್ತೇನೆ' ಅಂದ್ರೆ ಸಾಕು."