ನೆಂಟರಿಲ್ಲದ ಸ್ಪಾಸೆ

ಕ್ರುಶಿನೊದಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೆ ಅದು ಯಾರದಾದರೂ ಸೋದರಮಾವನ ತಲೆಗೇ ಬೀಳಬೇಕು. ಮೇಯರ್ ಬ್ಲಾಗೋಯಾನ ಹೆಂಡತಿಯ ತಮ್ಮ ಊರಿಗೆ ನೀರು ಬಿಡುತ್ತಿದ್ದ. ಆ ತಮ್ಮನ ಷಡ್ಡಕ, ನೀರು ಬರಲಿಲ್ಲ ಎಂಬ ದೂರು ಕೇಳುತ್ತಿದ್ದ. ದೂರು ಕೊಡುವವರೂ ನೆಂಟರೇ ಆದ್ದರಿಂದ ಮಾತು ನೀರಿನಿಂದ ಶುರುವಾಗಿ ರಕಿಯಾ ಸಾರಾಯಿಯಲ್ಲಿ ಮುಗಿಯುತ್ತಿತ್ತು.

ಇಂಥ ಊರಿನಲ್ಲಿ ಯಾರಿಗೂ ಏನೂ ಆಗದವನು ಒಬ್ಬನೇ: ಬಸ್ ನಿಲ್ದಾಣದ ಎದುರು ಕ್ಷೌರದಂಗಡಿ ಇಟ್ಟಿದ್ದ ಸ್ಪಾಸೆ. ನಮ್ಮ ರಾಜಧಾನಿ ಸ್ಕೋಪಿಯೆ ಭೂಕಂಪದಲ್ಲಿ ಕುಸಿದ ವರ್ಷ ಅವಶೇಷಗಳಡಿ ಅಳುತ್ತಿದ್ದ ಎಳೆಗೂಸು ಅವನು. ಎತ್ತಿಕೊಂಡ ದಾದಿಯರು ‘ಉಳಿದವನು’ ಎಂಬರ್ಥದ ಹೆಸರಿಟ್ಟರು. ಅನಾಥಾಲಯದಲ್ಲಿ ಬೆಳೆದು, ಕತ್ತರಿ ಹಿಡಿಯುವುದನ್ನು ಕಲಿತು, ಕೆಲಸ ಹುಡುಕುತ್ತ ಕ್ರುಶಿನೊಗೆ ಬಂದವನು ಅಲ್ಲೇ ನಿಂತುಬಿಟ್ಟ. ಜನ ಅವನನ್ನು ಇಷ್ಟಪಡುತ್ತಿದ್ದರು. ಈಸ್ಟರಿಗೆ ಅವನ ಅಂಗಡಿಯ ತುಂಬ ಹಬ್ಬಕ್ಕೆ ಬಣ್ಣ ಹಾಕಿದ ಕೆಂಪು ಮೊಟ್ಟೆ ಬರುತ್ತಿದ್ದವು. ಊಟಕ್ಕೆ ಮಾತ್ರ ಯಾರೂ ಕರೆಯುತ್ತಿರಲಿಲ್ಲ. ಇನ್ನೊಬ್ಬರು ಕರೆದಿರುತ್ತಾರೆ ಎಂದು ಪ್ರತಿಯೊಬ್ಬರೂ ತಿಳಿದಿದ್ದರು.

ನಮ್ಮ ದೇಶ ಯುರೋಪಿಯನ್ ಒಕ್ಕೂಟ ಸೇರಲು ತಯಾರಾಗಿದೆಯೇ ಎಂದು ನೋಡಲು ಬ್ರಸೆಲ್ಸ್‌ನಿಂದ ಆಗಾಗ ಜನ ಬರುವುದುಂಟು. ಹೆಣ್ಣು ನೋಡಲು ಬಂದವರ ಹಾಗೆ ಅವರು ಎಲ್ಲವನ್ನೂ ಕೇಳುತ್ತಾರೆ, ತಿನ್ನುತ್ತಾರೆ, ನಗುತ್ತಾರೆ, ಊರಿಗೆ ಹೋಗಿ ತಿಳಿಸುತ್ತೇವೆ ಎನ್ನುತ್ತಾರೆ. ತಿಳಿಸುವುದು ಯಾವಾಗಲೂ ಒಂದೇ: ಹುಡುಗಿ ಚೆನ್ನಾಗಿದ್ದಾಳೆ, ಇನ್ನೂ ಸ್ವಲ್ಪ ಕಲಿಯಲಿ.

ಆ ಶರತ್ಕಾಲದಲ್ಲಿ ಕ್ರುಶಿನೊಗೆ ಬಂದವಳು ಫೆಮ್ಕೆ ಎಂಬ ಉದ್ದನೆಯ ಡಚ್ ಹೆಂಗಸು. ಅಧಿಕಾರಿಗಳು ತಮ್ಮ ನೆಂಟರಿಗೆ ಕೆಲಸ ಕೊಡದಂತೆ ತಡೆಯುವ ಸಮಿತಿಯನ್ನು ಅವಳು ನೋಡಬೇಕಂತೆ. ಮೇಯರ್ ಹೆಮ್ಮೆಯಿಂದ ಸಮಿತಿಯವರನ್ನೆಲ್ಲ ಸಾಲಾಗಿ ಕೂರಿಸಿದ.

“ಇವರೆಲ್ಲ ಒಬ್ಬರಿಗೊಬ್ಬರು ಏನಾಗಬೇಕು?” ಎಂದು ಫೆಮ್ಕೆ ಕೇಳಿದಳು.

ದುಭಾಷಿ ಹುಡುಗಿ ತಡವರಿಸಿದಳು. “ಮಾವ, ಇದನ್ನ ಹೇಗೆ ಹೇಳ್ಲಿ?” ಎಂದು ಅವಳು ಮೇಯರನ ಕಡೆ ತಿರುಗಿದಾಗ ಉತ್ತರ ಸಿಕ್ಕಂತೆಯೇ ಆಯಿತು.

ಈ ಊರಿನಲ್ಲಿ ಒಬ್ಬನೇ ಒಬ್ಬ ನೆಂಟನೂ ಇಲ್ಲದವನು ಸಮಿತಿಯ ಅಧ್ಯಕ್ಷನಾಗಬೇಕು ಎಂದು ಹೇಳಿ ಫೆಮ್ಕೆ ಕಾರು ಹತ್ತಿದಳು.

“ಅಂಥೋನು ನಮ್ಮ ಸ್ಮಶಾನದಲ್ಲೂ ಸಿಗಲ್ಲ,” ಎಂದು ಮೇಯರ್ ತಲೆ ಕೆರೆದುಕೊಂಡ. ಕೆರೆದಾಗ ಕೂದಲು ಉದ್ದವಾಗಿರುವುದು ಗೊತ್ತಾಯಿತು. ಗೊತ್ತಾದ ಕೂಡಲೇ ಕ್ಷೌರದಂಗಡಿಗೆ ಓಡಿದ.

“ಸ್ಪಾಸೆ, ನಿನಗೆ ಯಾರಾದ್ರೂ ಇದಾರಾ?”

“ಇಲ್ಲ ಮೇಯರಣ್ಣ. ಯಾಕೆ?”

“ದೇವರು ದೊಡ್ಡೋನು ಕಣೋ!” ಎಂದು ಮೇಯರ್ ಅವನನ್ನು ಸೋಪಿನ ನೊರೆಯ ಸಮೇತ ತಬ್ಬಿಕೊಂಡ.

ಹೀಗೆ ಸ್ಪಾಸೆ ದೊಡ್ಡ ಮನುಷ್ಯನಾದ. ಮರುವರ್ಷ ಫೆಮ್ಕೆ ಬಂದು ಅವನ ಕೈ ಬಹಳ ಹೊತ್ತು ಕುಲುಕಿದಳು. ಕ್ರುಶಿನೊದಲ್ಲಿ ಪ್ರಗತಿ ಕಂಡಿದೆ ಎಂದು ರಾಜಧಾನಿಯ ಟೀವಿಯಲ್ಲೂ ಬಂತು. ಸ್ಪಾಸೆಗೆ ಬಂದ ಕಷ್ಟವೇ ಬೇರೆ. ಈಗ ಊರಿಗೆ ಊರೇ ಅವನ ನೆಂಟಸ್ತನಕ್ಕೆ ಬಿತ್ತು. ಒಬ್ಬ ಚರ್ಚಿನಲ್ಲಿ ತನ್ನ ಮಗುವಿಗೆ ಜ್ಞಾನಸ್ನಾನದ ತಂದೆಯಾಗು ಎಂದ, ಇನ್ನೊಬ್ಬ ಮದುವೆಗೆ ಹಿರಿಯನಾಗಿ ನಿಲ್ಲು ಎಂದ. ಜೀವಮಾನವಿಡೀ ಯಾವ ಮಾತುಗಳಿಗಾಗಿ ಕಾದಿದ್ದನೋ ಆ ಮಾತುಗಳೆಲ್ಲ ಬಾಗಿಲಿಗೇ ಬಂದವು. ಪ್ರತಿಯೊಂದಕ್ಕೂ ಅವನು, “ಆಗಲ್ಲಪ್ಪ, ಒಕ್ಕೂಟದವರು ಒಪ್ಪಲ್ಲ,” ಎನ್ನಬೇಕಾಗಿತ್ತು. ಹೇಳಿ ಒಳಗೆ ಹೋಗಿ ಕ್ಷೌರದ ಕತ್ತಿ ಮಸೆಯುತ್ತಿದ್ದ.

ಒಂದು ಮಧ್ಯಾಹ್ನ ಪಕ್ಕದ ಬುರೆಕ್ ಕಡುಬಿನ ಅಂಗಡಿಯ ವಿಧವೆ ತ್ರಾಯಾಂಕಾ ಕೈಯ ಹಿಟ್ಟನ್ನೂ ತೊಳೆಯದೆ ನುಗ್ಗಿದಳು. ಅವಳ ಅಣ್ಣನ ಮಗನಿಗೆ ಗ್ರಂಥಾಲಯದಲ್ಲಿ ಗೊತ್ತಾಗಿದ್ದ ಕೆಲಸವನ್ನು ಸ್ಪಾಸೆಯ ಸಮಿತಿ ತಪ್ಪಿಸಿತ್ತು. ನೇಮಿಸಿದವನು ಹುಡುಗನ ಚಿಕ್ಕಪ್ಪ.

“ಆ ಹುಡುಗ ಏನು ಪಾಪ ಮಾಡಿದ್ದ ಹೇಳು! ಸ್ವಂತ ಚಿಕ್ಕಪ್ಪ ಕೊಡದೆ ಇನ್ಯಾರು ಕೊಡ್ತಾರೆ ಕೆಲಸ, ಪೋಪ್ ಕೊಡ್ತಾನಾ?” ಎಂದವಳು ಅರ್ಧಕ್ಕೇ ನಿಂತಳು. ಅವನ ಮುಂದೆ ಒಣ ಬ್ರೆಡ್ಡು, ಒಂದು ಈರುಳ್ಳಿ. “ಇವತ್ತು ಹಬ್ಬ ಕಣೋ. ಇದನ್ನಾ ತಿಂತಿರೋದು?”

“ದಿನಾ ಇದೇ.”

“ಏಳು. ಬೈಗುಳ ಆಮೇಲೆ ಮುಗಿಸ್ತೀನಿ.”

ಅವಳ ಮನೆಯಲ್ಲಿ ಉದ್ದನೆಯ ಮೇಜು. ಅದರ ಸುತ್ತ ಅತ್ತಿಗೆ, ನಾದಿನಿ, ಮಕ್ಕಳು, ಕೆಲಸ ಕಳೆದುಕೊಂಡ ಹುಡುಗ ಸಹ. ಯಾರೋ ಅವನ ಮುಖವನ್ನೂ ನೋಡದೆ, “ಆ ಉಪ್ಪು ಈ ಕಡೆ ದಾಟಿಸು,” ಎಂದರು. ಸ್ಪಾಸೆ ಉಪ್ಪು ದಾಟಿಸಿದ. ಆಮೇಲೆ ಯಾರೂ ಕೇಳದಿದ್ದರೂ ಹುರುಳಿಕಾಯಿ ಬೀಜದ ಗೊಜ್ಜನ್ನೂ ದಾಟಿಸಿದ.

ಚಳಿಗಾಲ ಮುಗಿಯುವಷ್ಟರಲ್ಲಿ ಇಬ್ಬರೂ ಮದುವೆಯಾಗುವುದೆಂದು ನಿಶ್ಚಯಿಸಿದರು. ತ್ರಾಯಾಂಕಾ ಊರಿನ ಅರ್ಧ ಜನಕ್ಕೆ ರಕ್ತಸಂಬಂಧಿ, ಉಳಿದರ್ಧಕ್ಕೆ ಬೀಗತಿ. ಸುದ್ದಿ ತಿಳಿದ ಮೇಯರ್ ಏದುಸಿರು ಬಿಡುತ್ತ ಬಂದ.

“ದೇಶ ಮುಳುಗಿಸ್ತೀಯಲ್ಲೋ! ಒಕ್ಕೂಟ ಸೇರೋ ತನಕ ತಡ್ಕೊ ಮಾರಾಯ.”

“ಯಾವಾಗ ಸೇರ್ತೀವಿ?”

“ಇವತ್ತೋ ನಾಳೆಯೋ.”

“ನಾನು ನಿಮ್ಮ ತಲೆಗೆ ಕಪ್ಪು ಕೂದಲಿದ್ದಾಗಿಂದ ಇದನ್ನೇ ಕೇಳ್ತಿದೀನಿ ಮೇಯರಣ್ಣ.”

ಮೇಯರ್ ದನಿ ತಗ್ಗಿಸಿದ. “ಮದುವೆ ಯಾಕೆ ಬೇಕು? ಸುಮ್ನೆ ಜೊತೇಲಿರಿ. ಯುರೋಪಲ್ಲಿ ಎಲ್ರೂ ಹಾಗೇ ಇರೋದು.”

ಬಾಗಿಲಲ್ಲಿದ್ದ ತ್ರಾಯಾಂಕಾ ಲಟ್ಟಣಿಗೆ ಎತ್ತಿದಳು. “ಹಾಗಾದ್ರೆ ಮೊದಲು ನಿನ್ನ ಮಗಳನ್ನ ಹಾಗೆ ಕಳಿಸು, ಭಾವ. ಆಮೇಲೆ ನಾನೂ ಯುರೋಪಿಗೆ ಸೇರ್ತೀನಿ.”

ಮದುವೆಯಾಯಿತು. ಚರ್ಚಿನಲ್ಲಿ ವರನ ಕಡೆ ನಿಲ್ಲಲು ಜನವಿಲ್ಲವೆಂದು ಊರಿನ ಅರ್ಧ ಜನ ಆ ಬದಿಗೆ ಸರಿದು ನಿಂತರು. ಕೈಕೈ ಹಿಡಿದ ಕುಣಿತದ ಸಾಲಿಗೆ ಮುಂದಾಳಾದವನು ಮೇಯರನೇ; ಅಳುತ್ತಲೂ ಇದ್ದ, ದೇಶಕ್ಕಾಗಿಯೋ ರಕಿಯಾದ ಅಮಲಿಗೋ ತಿಳಿಯದು. ಆ ವರ್ಷ ಬ್ರಸೆಲ್ಸ್‌ನವರು ಕ್ರುಶಿನೊ ಹಿಂದಕ್ಕೆ ಜಾರಿದೆ ಎಂದರು. ಸ್ಪಾಸೆಯ ಜಾಗಕ್ಕೆ ದೂರದ ಊರಿನಿಂದ ನೆಂಟರಿಲ್ಲದ ಪಶುವೈದ್ಯನೊಬ್ಬನನ್ನು ತರಿಸಿದರು.

ಸ್ಪಾಸೆ ಒಂದು ಬೆಳಗ್ಗೆ ಟೋಪಿಯನ್ನು ಕೈಯಲ್ಲಿ ಹಿಡಿದು ಆ ಪಶುವೈದ್ಯನ ಮುಂದೆ ನಿಂತ. “ನಮ್ಮ ಹುಡುಗ ಒಬ್ಬ ಇದಾನೆ ಸಾರ್, ಓದಿದೋನು, ಗ್ರಂಥಾಲಯಕ್ಕೆ…” ಎಂದ. ಇಂಥದನ್ನು ತಡೆಯಲು ಎರಡು ವರ್ಷ ಕೂತಿದ್ದವನು ತಾನೇ ಎಂಬುದು ಅವನಿಗೆ ಆ ಕ್ಷಣ ನೆನಪಾದಂತಿರಲಿಲ್ಲ. ಪಶುವೈದ್ಯ ಆಗದು ಎಂದ. ತಂಗಿಯ ಗಂಡ ಕೈಲಾಗದವನು ಎಂದು ಹುಡುಗನ ಅಪ್ಪ, ತ್ರಾಯಾಂಕಾಳ ಅಣ್ಣ, ಮಾತು ಬಿಟ್ಟ.

ಮರುದಿನ ಸ್ಪಾಸೆ ಅಂಗಡಿ ತೆರೆದಾಗ ಮುಖ ಅರಳಿತ್ತು. ಮೊದಲ ಗಿರಾಕಿಯ ಕುತ್ತಿಗೆಗೆ ಬಟ್ಟೆ ಕಟ್ಟುತ್ತ ಹೇಳಿದ:

“ಗೊತ್ತಾಯ್ತಾ? ನಮ್ಮ ಭಾವ ನನ್ನ ಹತ್ರ ಮಾತು ಬಿಟ್ಟಿದಾನೆ. ಎದುರು ಬಂದ್ರೆ ರಸ್ತೆ ಆಚೆ ಬದಿಗೆ ಹೋಗ್ತಾನೆ. ನಮ್ಮ ಮನೇಲಿ ದೊಡ್ಡ ಜಗಳ ಕಣಪ್ಪ!”